ಎಡ ಕಾರ್ನರ್‌ನಲ್ಲಿ ನಿಂತು ಕಲಿತದ್ದು

ಕಬಡ್ಡಿ ಎಂದರೆ ಜನರ ಕಣ್ಣಿಗೆ ಬೀಳುವವನು ರೈಡರ್. ಅವನು ಒಬ್ಬನೇ ಹೋಗುತ್ತಾನೆ, ಏಳು ಜನರ ನಡುವೆ ಸುಳಿಯುತ್ತಾನೆ, ತೊಡೆ ತಟ್ಟುತ್ತಾನೆ. ನಾನು ರೈಡರ್ ಅಲ್ಲ. ಕಲ್ಯಾಣ್‌ನ ಕಾಲೇಜೊಂದರ ತಂಡದಲ್ಲಿ ಎಡ ಕಾರ್ನರ್ ಆಗಿ ನಿಂತು ಮುಂಬಯಿ ವಿಶ್ವವಿದ್ಯಾಲಯದ ಥಾಣೆ ವಲಯದ ಪಂದ್ಯಗಳನ್ನು ಆಡಿದವನು. ಆಮೇಲೆ ಕಂಪನಿಯೊಂದರ ತಂಡದಲ್ಲಿ ಸ್ಟೈಪೆಂಡ್ ಮೇಲೆ ಆಡಿದೆ. ಡೊಂಬಿವಲಿಯಲ್ಲೂ ನವಿಮುಂಬಯಿಯಲ್ಲೂ ಮಕ್ಕಳಿಗೆ ಕಲಿಸಿದೆ. ಈಗ ಚಳಿಗಾಲ ಬಂತೆಂದರೆ ಮೈದಾನದಿಂದ ಮೈದಾನಕ್ಕೆ ಅಲೆದು, ವೃತ್ತಿಪರ ತಂಡವೊಂದಕ್ಕೆ ಹೊಸ ಹುಡುಗರನ್ನು ನೋಡಿ ಹೇಳುವ ಕೆಲಸ. ಈ ಮೂರು ಕೆಲಸಗಳಲ್ಲೂ ನಾನು ಆಟವನ್ನು ನೋಡಿದ್ದು ಅಂಕಣದ ಹಿಂದಿನ ಮೂಲೆಯಿಂದಲೇ. ಅಲ್ಲಿಂದ ಕಂಡದ್ದನ್ನು, ಮಗನನ್ನೋ ಮಗಳನ್ನೋ ಮೈದಾನಕ್ಕೆ ಕಳುಹಿಸುವ ಇಲ್ಲಿನ ಕನ್ನಡದ ಮನೆಗಳಿಗಾಗಿ, ಸಂಜೆ ಹುಡುಗರನ್ನು ಕಟ್ಟಿಕೊಂಡು ಬೆವರು ಸುರಿಸುವ ಕೋಚ್‌ಗಳಿಗಾಗಿ ಬರೆಯುತ್ತಿದ್ದೇನೆ.

1. ನಲವತ್ತು ರೈಡ್, ಐದು ಹಿಡಿತ

ಗಂಡಸರ ಪಂದ್ಯ ಇಪ್ಪತ್ತು ನಿಮಿಷದ ಎರಡು ಅವಧಿ. ಒಂದು ರೈಡ್‌ಗೆ ಮೂವತ್ತು ಸೆಕೆಂಡ್. ಲೆಕ್ಕ ಹಾಕಿದರೆ ಒಂದು ತಂಡ ಪಂದ್ಯದಲ್ಲಿ ಸುಮಾರು ನಲವತ್ತು ರೈಡ್‌ಗಳನ್ನು ಎದುರಿಸುತ್ತದೆ. ಅದರಲ್ಲಿ ಒಬ್ಬ ಡಿಫೆಂಡರ್ ಐದು ಟ್ಯಾಕಲ್ ಅಂಕ ಗಳಿಸಿದರೆ ಅದಕ್ಕೆ ಹೈ ಫೈವ್ ಎಂದು ಹೆಸರು, ಟಿವಿಯಲ್ಲಿ ಅವನ ಚಿತ್ರ. ಇರಾನಿನ ಫಜಲ್ ಅತ್ರಾಚಲಿ ಪ್ರೊ ಕಬಡ್ಡಿ ಲೀಗಿನಲ್ಲಿ 500 ಟ್ಯಾಕಲ್ ಅಂಕ ದಾಟಿದ ಎಡ ಕಾರ್ನರ್. ಅಂಥವನ ಸರಾಸರಿಯೂ ಪಂದ್ಯಕ್ಕೆ ಮೂರು ಅಂಕ ಮುಟ್ಟುವುದಿಲ್ಲ. ಹಾಗಾದರೆ ಉಳಿದ ಮೂವತ್ತೈದಕ್ಕೂ ಮಿಕ್ಕ ರೈಡ್‌ಗಳಲ್ಲಿ ಅವನು ಏನು ಮಾಡುತ್ತಿದ್ದ?

ಕಾರ್ನರ್‌ನ ಕಸುಬು ಇರುವುದು ಆ ಮೂವತ್ತೈದರಲ್ಲಿ. ರೈಡರ್ ಬೋನಸ್ ಅಂಕಕ್ಕಾಗಿ ಬೋನಸ್ ಗೆರೆಯ ಕಡೆ ಕಾಲು ಚಾಚಿದಾಗ ಒಂದು ಹೆಜ್ಜೆ ಮುಂದೆ ಬಂದು ಅವನ ಕಾಲನ್ನು ವಾಪಸು ಎಳೆಸುವುದು. ಅವನು ಎದುರು ಬದಿಗೆ ತಿರುಗಿದಾಗ ಕೈ ಹಿಡಿದು ನಿಂತ ಜೊತೆಗಾರರ ಸರಪಳಿಯ ಜೊತೆ ಅರ್ಧ ಚಂದ್ರದ ಹಾಗೆ ಬಾಗಿ ಸರಿಯುವುದು. ಹಿಡಿಯುವ ಆಸೆ ಮೈಯಲ್ಲಿ ಉಕ್ಕಿದರೂ ಹಿಡಿಯದೆ ನಿಲ್ಲುವುದು. ಹತ್ತು ಸೆಕೆಂಡ್ ಉಳಿದಿರುವಾಗ ರೈಡರ್‌ನನ್ನು ಕವರ್ ಆಟಗಾರರ ಕಡೆ ಒತ್ತಿ, ಡ್ಯಾಶ್ ಮಾಡುವ ಅಂಕವನ್ನು ಜೊತೆಗಾರನ ಕೈಗೆ ಕೊಡುವುದು. ಸ್ಕೋರ್‌ಶೀಟಿನಲ್ಲಿ ಇದಕ್ಕೆ ಯಾವ ಕಾಲಮ್ಮೂ ಇಲ್ಲ. ಅಂಕ ಬರೆಯುವವರ ಮೇಜಿನಲ್ಲಿ ಅಂಥ ರೈಡ್ ಖಾಲಿ ರೈಡ್ ಎಂದು ದಾಖಲಾಗುತ್ತದೆ. ಅದು ಖಾಲಿಯಾಗಿದ್ದು ಯಾರಿಂದ ಎಂದು ಯಾರೂ ಬರೆಯುವುದಿಲ್ಲ.

ಅದಕ್ಕೇ ಕೋಚ್ ಆದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಕಾರ್ನರ್‌ಗೂ ನಾಲ್ಕು ಕಾಲಮ್ ಹಾಕಿಕೊಂಡೆ: ಹಿಡಿದದ್ದು, ಅವಸರಪಟ್ಟು ಹೋಗಿ ಔಟಾದದ್ದು, ಬೋನಸ್ ತಪ್ಪಿಸಿದ್ದು, ಜೊತೆಗಾರನಿಗೆ ಹಿಡಿತ ಮಾಡಿಕೊಟ್ಟದ್ದು. ಪಂದ್ಯ ಮುಗಿದ ಮೇಲೆ ಹುಡುಗರಿಗೆ ಮೊದಲು ಓದಿ ಹೇಳುವುದು ಕೊನೆಯ ಎರಡು ಕಾಲಮ್. ಒಂದು ಋತು ಹೀಗೆ ಓದಿದರೆ ಹುಡುಗರು ತಾವಾಗಿಯೇ ಬಂದು, "ದಾದಾ, ಇವತ್ತು ಬೋನಸ್ ಎಷ್ಟು ತಪ್ಪಿಸಿದೆ?" ಎಂದು ಕೇಳತೊಡಗುತ್ತಾರೆ. ಅಲ್ಲಿಂದ ಮುಂದೆ ಅವರಿಗೆ ಕಲಿಸುವುದು ಸುಲಭ.

2. ಕೈಗಿಂತ ಮೊದಲು ಕಾಲು

ಅಂಕಣದ ಅಳತೆ ಗೊತ್ತಿಲ್ಲದವನು ಕಾರ್ನರ್ ಆಗಲಾರ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ; ಒಂದು ತಂಡದ ಪಾಲಿಗೆ ಆರೂವರೆ ಮೀಟರ್ ಆಳ. ಮಧ್ಯದ ಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಲೈನ್. ಅಂದರೆ ಬೋನಸ್ ಗೆರೆಯ ಹಿಂದೆ ಉಳಿಯುವುದು ಒಂದೂಮುಕ್ಕಾಲು ಮೀಟರ್. ಕಾರ್ನರ್‌ನ ಜೀವಮಾನವೆಲ್ಲ ಕಳೆಯುವುದು ಆ ಒಂದೂಮುಕ್ಕಾಲು ಮೀಟರಿನ ಪಟ್ಟಿಯಲ್ಲಿ. ಒಂದು ಹೆಜ್ಜೆ ಹಿಂದಿಟ್ಟರೆ ಗೆರೆ ದಾಟಿ ಔಟ್, ಒಂದು ಹೆಜ್ಜೆ ಮುಂದಿಟ್ಟರೆ ರೈಡರ್‌ನ ಕೈಗೆ ಸಿಗುತ್ತಾನೆ.

ಇಲ್ಲಿ ಹಿಡಿಯುವ ಹಿಡಿತಕ್ಕೆ ಬೆಲೆ ಬರುವುದೂ ಈ ಆಳದಿಂದಲೇ. ಬೋನಸ್ ಗೆರೆಯ ಮೇಲೆ ಪಾದ ಹಿಡಿದರೆ ರೈಡರ್ ಮಧ್ಯದ ಗೆರೆ ಮುಟ್ಟಲು ಸುಮಾರು ಐದು ಮೀಟರ್ ಎಳೆಯಬೇಕು. ಅಷ್ಟರಲ್ಲಿ ಕವರ್‌ನವರು ಬಂದು ಮುಚ್ಚುತ್ತಾರೆ. ಬಾಕ್ ಲೈನಿನ ಹತ್ತಿರ ಹಾರಿ ಹಿಡಿದರೆ ಅವನು ಒಂದೇ ನೆಗೆತಕ್ಕೆ ಕೈಚಾಚಿ ಗೆರೆ ಮುಟ್ಟುತ್ತಾನೆ, ಅವನ ಮೈಮೇಲೆ ಎಷ್ಟು ಜನ ಬಿದ್ದಿದ್ದರೋ ಅಷ್ಟೂ ಜನ ಹೊರಗೆ.

ಪಾದ ಹಿಡಿಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ ಸೊಂಟದಿಂದ ಶುರುವಾಗುತ್ತದೆ. ಮಂಡಿ ಮಡಚಿ ಸೊಂಟ ಇಳಿಸಿರಬೇಕು, ಭಾರ ಪಾದದ ಮುಂಭಾಗದಲ್ಲಿರಬೇಕು, ಕಣ್ಣು ರೈಡರ್‌ನ ಸೊಂಟದ ಮೇಲಿರಬೇಕು. ಅವನ ಕೈ ಸುಳ್ಳು ಹೇಳುತ್ತದೆ, ಕಣ್ಣು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ಎರಡು ಅಂಗೈಯೂ ಒಟ್ಟಿಗೆ ಹೋಗಬೇಕು, ತಲೆ ಅವನ ಕಾಲಿನ ಹೊರಬದಿಗಿರಬೇಕು, ಇಲ್ಲದಿದ್ದರೆ ಅವನ ಇನ್ನೊಂದು ಮಂಡಿ ಮುಖಕ್ಕೆ ಬಡಿಯುತ್ತದೆ. ಹಿಡಿದ ಕೂಡಲೇ ಎಳೆಯಬಾರದು, ಎತ್ತಬೇಕು. ನಮ್ಮ ಹೆಂಗಸರು ತುಂಬಿದ ಕೊಡವನ್ನು ಬೆನ್ನಿನಿಂದಲ್ಲ, ತೊಡೆಯ ಬಲದಿಂದ ಎತ್ತುತ್ತಾರಲ್ಲ, ಹಾಗೆ. ಪಾದ ನೆಲ ಬಿಟ್ಟವನಿಗೆ ಬಲವಿಲ್ಲ.

ಅಭ್ಯಾಸದ ಮೊದಲ ಭಾಗದಲ್ಲಿ ನನ್ನ ಕಾರ್ನರ್‌ಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಡುತ್ತಾರೆ. ರೈಡರ್ ಬೋನಸ್‌ಗೆ ಬರಬೇಕು, ಇವರು ಬರೀ ಹೆಜ್ಜೆಯಿಂದ ಅವನನ್ನು ತಡೆಯಬೇಕು. ಮೊದಲ ವಾರ ಹುಡುಗರಿಗೆ ಬೇಸರ. ಕೈ ಬಿಚ್ಚಿದ ದಿನ ಅವರ ಹಿಡಿತ ನೋಡಬೇಕು.

ಮಣ್ಣು, ಮ್ಯಾಟ್ ಎರಡರ ಮೇಲೂ ಕಲಿಸಲೇಬೇಕು. ಥಾಣೆ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ರಾತ್ರಿ ದೀಪದ ಬೆಳಕಿನಲ್ಲಿ ಕೆಂಪು ಮಣ್ಣಿನ ಅಂಕಣ ಹದ ಮಾಡಿ ಪಂದ್ಯಾಟ ಇಡುತ್ತಾರೆ. ಮಣ್ಣಿನಲ್ಲಿ ಬರಿಗಾಲು, ಹೆಬ್ಬೆರಳು ನೆಲಕ್ಕೆ ಊರಿ ನಿಲ್ಲಬಹುದು. ಮ್ಯಾಟಿನ ಮೇಲೆ ಬೂಟು. ಅಲ್ಲಿ ವೇಗ ಹೆಚ್ಚು, ಜಾರುವಿಕೆ ಕಡಿಮೆ, ತಿರುವಿಗೆ ಮಂಡಿ ಬೆಲೆ ತೆರುತ್ತದೆ. ಮಣ್ಣಿನಲ್ಲಿ ಹುಲಿಯಾದವನು ಮ್ಯಾಟಿನಲ್ಲಿ ತಡವರಿಸುವುದನ್ನು ನೋಡಿ ಅವನನ್ನು ಕೈಬಿಡಬೇಡಿ. ಎರಡು ತಿಂಗಳು ಬೂಟು ಕಟ್ಟಿಸಿ ಬಿಡಿ, ಆಮೇಲೆ ತೀರ್ಮಾನಿಸಿ.

3. ಜೋಡಿ ಇಲ್ಲದ ಕಾರ್ನರ್ ಇಲ್ಲ

ಪ್ರೊ ಕಬಡ್ಡಿಯ ಮೊದಲ ವರ್ಷಗಳಲ್ಲಿ ಯು ಮುಂಬಾ ತಂಡದ ಎರಡು ಮೂಲೆಗಳಲ್ಲಿ ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್ ನಿಲ್ಲುತ್ತಿದ್ದರು. 2015ರಲ್ಲಿ ಬೆಂಗಳೂರು ಬುಲ್ಸನ್ನು ಸೋಲಿಸಿ ಯು ಮುಂಬಾ ಟ್ರೋಫಿ ಎತ್ತಿದಾಗ ಬೆನ್ನೆಲುಬು ಆ ಜೋಡಿಯೇ ಎಂದು ನಾನು ನಂಬುತ್ತೇನೆ. ಮರುವರ್ಷದ ಹರಾಜಿನಲ್ಲಿ ಬುಲ್ಸ್ ಮೋಹಿತ್‌ಗೆ 53 ಲಕ್ಷ ಕೊಟ್ಟಿತು. ಆ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಅದು, ಡಿಫೆಂಡರ್ ಒಬ್ಬನಿಗೆ. ನಾಡಾ ಕೂಡ ಅದೇ ತಂಡಕ್ಕೆ ಹೋದ. ಹಣ ಕೊಟ್ಟವರಿಗೂ ಜೋಡಿಯ ಬೆಲೆ ಗೊತ್ತಿತ್ತು.

ಎದುರು ಮೂಲೆಯವನಲ್ಲದೆ, ನಿನ್ನ ಪಕ್ಕದಲ್ಲಿ ಕೈ ಹಿಡಿದು ನಿಂತಿರುವ 'ಇನ್' ಆಟಗಾರನೂ ನಿನ್ನ ಜೋಡಿ. ಅವನ ಬೆರಳಿನ ಬಿಗಿಯಿಂದಲೇ ಅವನು ಮುಂದೆ ಹೋಗುತ್ತಾನೋ ಇಲ್ಲವೋ ತಿಳಿಯಬೇಕು. ಬಾಯಿಮಾತಿಗೆ ಅಲ್ಲಿ ಸಮಯವಿಲ್ಲ. ಆದರೂ ನಮ್ಮ ಕಡೆಯ ತಂಡಗಳಲ್ಲಿ ಕೂಗಿ ಹೇಳುವುದಕ್ಕೆ ಒಂದು ಭಾಷೆ ಬೇಕೇ ಬೇಕು. ಡೊಂಬಿವಲಿಯ ಒಂದೇ ತಂಡದಲ್ಲಿ ಆಗ್ರಿ ಮರಾಠಿ ಆಡುವವನು, ಮನೆಯಲ್ಲಿ ತುಳು ಆಡುವವನು, ಉತ್ತರ ಕರ್ನಾಟಕದ ಕನ್ನಡದವನು, ಭೋಜಪುರಿಯವನು ಸೇರಿರುತ್ತಾರೆ. ನಾನು ಋತುವಿನ ಮೊದಲ ದಿನವೇ ಆರು ಕೂಗುಗಳನ್ನು ಗೊತ್ತು ಮಾಡಿಬಿಡುತ್ತೇನೆ, ಎಲ್ಲವೂ ಎರಡಕ್ಷರದವು, ಇಲ್ಲಿನ ಮಣ್ಣಿನ ಭಾಷೆಯಾದ ಮರಾಠಿಯಲ್ಲಿ. ಮನೆಯ ಮಾತು ಮನೆಯಲ್ಲಿ ಸೊಂಪಾಗಿ ಬೆಳೆಯಲಿ. ಅಂಕಣದಲ್ಲಿ ಏಳು ಜನರ ಕಿವಿಗೂ ಒಂದೇ ಮಾತು ಬೀಳಬೇಕು.

4. ಐವರಿರುವಾಗ, ಮೂವರಿರುವಾಗ

ಅಂಕಣದಲ್ಲಿ ಆರು ಅಥವಾ ಏಳು ಡಿಫೆಂಡರ್‌ಗಳಿದ್ದರೆ ಮಾತ್ರ ಬೋನಸ್ ಅಂಕ. ಐದಕ್ಕೆ ಇಳಿದ ಕೂಡಲೇ ರೈಡರ್‌ಗೆ ಆಳಕ್ಕೆ ಬರುವ ಕಾರಣವೇ ಇಲ್ಲ. ಅವನು ಬಾಕ್ ಲೈನ್ ದಾಟಿ ಅಲ್ಲೇ ನಿಂತು ನಿನ್ನನ್ನು ಕರೆಯುತ್ತಾನೆ. ಹೋಗಬೇಡ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಗ ಹೋಗಬೇಕು, ಆದರೆ ಅವನು ತಿರುಗಿ ಹೊರಟ ಮೇಲೆ. ಬೆನ್ನು ಕಾಣುವವರೆಗೆ ಮೂಲೆ ಬಿಡಬಾರದು.

5. ಮಂಡಿ

ಇದನ್ನು ಓದುವ ಪ್ರತಿ ತಂದೆತಾಯಿಗೆ ಕೈಮುಗಿದು ಹೇಳುತ್ತೇನೆ. ಹುಡುಗ ಆಟದಲ್ಲಿ ಬಿದ್ದಾಗ ಮಂಡಿಯಲ್ಲಿ 'ಟಕ್' ಎಂದ ಸದ್ದು ಕೇಳಿತೆಂದರೆ, ಕೆಲವೇ ಗಂಟೆಯಲ್ಲಿ ಊದಿಕೊಂಡಿತೆಂದರೆ, ನಡೆಯುವಾಗ ಮಂಡಿ ಕೈಕೊಟ್ಟ ಹಾಗಾದರೆ, ಎಣ್ಣೆ ಹಚ್ಚಿ ಮಾಲಿಶ್ ಮಾಡಿಸಬೇಡಿ. ಮೂಳೆ ಕೂರಿಸುತ್ತೇನೆ ಎನ್ನುವವರ ಬಳಿ ಕರೆದೊಯ್ಯಬೇಡಿ. ಮಂಡಿಯ ಒಳಗೆ ತೊಡೆಮೂಳೆಯನ್ನೂ ಕಣಕಾಲ ಮೂಳೆಯನ್ನೂ ಕಟ್ಟಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿರಬಹುದು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಎಂಆರ್‌ಐ ಬೇಕು, ಮೂಳೆವೈದ್ಯರು ಕೈಯಿಂದ ಪರೀಕ್ಷಿಸಬೇಕು. ಶಸ್ತ್ರಚಿಕಿತ್ಸೆಯಾದರೆ ಮರಳಿ ಅಂಕಣಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಹಿಡಿಯುತ್ತದೆ. ಆ ಒಂಬತ್ತು ತಿಂಗಳಲ್ಲಿ ಚಿಕಿತ್ಸೆಗಿಂತ ವ್ಯಾಯಾಮದ ಪಾಲು ದೊಡ್ಡದು.

ಕಾರ್ನರ್‌ಗೆ ಈ ಅಪಾಯ ಹೆಚ್ಚು. ಅವನು ಬಾಗಿ ಪಾದ ಹಿಡಿದಿರುವಾಗ, ಅವನ ಬೂಟು ಮ್ಯಾಟಿಗೆ ಕಚ್ಚಿಕೊಂಡಿರುವಾಗ, ಮೇಲಿನಿಂದ ಕವರ್‌ನವರ ಭಾರ ಬೀಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯು ಗಟ್ಟಿ ಮಾಡದೆ ಯಾವ ಹುಡುಗನನ್ನೂ ಮೂಲೆಗೆ ನಿಲ್ಲಿಸಬಾರದು. ಒಂಟಿಕಾಲಿನಲ್ಲಿ ಕೂತು ಏಳುವುದು, ನೆಗೆದು ಒಂದೇ ಕಾಲಿನ ಮೇಲೆ ಸದ್ದಿಲ್ಲದೆ ಇಳಿಯುವುದು, ಇಳಿದಾಗ ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು: ಇಷ್ಟಕ್ಕೆ ಜಿಮ್ ಬೇಡ, ಚಾಳಿನ ಗ್ಯಾಲರಿ ಸಾಕು. ಇಪ್ಪತ್ತೊಂದನೇ ವಯಸ್ಸಿಗೆ ಕುಂಟುತ್ತ ಆಟ ಬಿಟ್ಟ ಒಳ್ಳೊಳ್ಳೆಯ ಹುಡುಗರು ಕಲ್ಯಾಣ್ ಸ್ಟೇಷನ್ನಿನ ಜನಸಂದಣಿಯಲ್ಲಿ ಇಂದಿಗೂ ನನಗೆ ಎದುರಾಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳುವವರಿರಲಿಲ್ಲ.

6. ತೂಕದ ಮುಳ್ಳು

ಹಿರಿಯ ಗಂಡಸರಿಗೆ 85 ಕಿಲೋ, ಹೆಂಗಸರಿಗೆ 75 ಕಿಲೋ ಮಿತಿ. ಕಿಶೋರ, ಕುಮಾರ ವಿಭಾಗಗಳಿಗೆ ವಯಸ್ಸಿನ ಜೊತೆ ತೂಕದ ಕಟ್ಟೂ ಇದೆ. ಆಯ್ಕೆಯ ಹಿಂದಿನ ರಾತ್ರಿ ನೀರು ಬಿಟ್ಟು, ಪ್ಲಾಸ್ಟಿಕ್ ಹೊದ್ದು ಓಡಿ, ಬಾಯಿ ಒಣಗಿಸಿಕೊಂಡು ಮುಳ್ಳಿನ ಮೇಲೆ ನಿಲ್ಲುವ ಮಕ್ಕಳನ್ನು ಕಾಣುತ್ತಿದ್ದೇನೆ. ಬೆಳೆಯುವ ವಯಸ್ಸಿನ ದೇಹಕ್ಕೆ ಇದು ವಿಷ. ಹುಡುಗ ಎತ್ತರ ಬೆಳೆಯುತ್ತಿದ್ದರೆ ಮೇಲಿನ ವಿಭಾಗಕ್ಕೆ ಬಿಡಿ, ಒಂದು ವರ್ಷ ಬೆಂಚಿನಲ್ಲಿ ಕೂತರೆ ಕೂರಲಿ. ಕಾರ್ನರ್‌ಗೆ ಭಾರ ಶತ್ರುವಲ್ಲ. ಅಳೆದು ತೂಗಿ ನೋಡಬೇಕಾದ್ದು ಎರಡನೇ ಅವಧಿಯ ಹದಿನೈದನೇ ನಿಮಿಷದಲ್ಲಿ ಅವನ ಸೊಂಟ ಎಷ್ಟು ಕೆಳಗಿದೆ ಎಂಬುದನ್ನು.

7. ರೈಲಿನ ವೇಳೆಯೇ ಅಭ್ಯಾಸದ ವೇಳೆ

ನಮ್ಮ ಊರುಗಳಲ್ಲಿ ಕೋಚ್ ಆದವನು ಮೊದಲು ಓದಬೇಕಾದ್ದು ಲೋಕಲ್ ರೈಲಿನ ವೇಳಾಪಟ್ಟಿ. ಹುಡುಗನ ಮನೆ ಡೊಂಬಿವಲಿ, ಕಾಲೇಜು ಥಾಣೆ, ಮ್ಯಾಟ್ ಸಿಗುವುದು ನವಿಮುಂಬಯಿಯಲ್ಲಿ. ಥಾಣೆಯಿಂದ ವಾಶಿಗೆ ಟ್ರಾನ್ಸ್ ಹಾರ್ಬರ್ ರೈಲು 2004ರಲ್ಲಿ ಶುರುವಾದ ಮೇಲೆ ಕುರ್ಲಾ ಸುತ್ತುವುದು ತಪ್ಪಿತು, ಆದರೂ ಸಂಜೆ ಏಳಕ್ಕೆ ಕಲ್ಯಾಣ್ ಕಡೆಯ ಗಾಡಿಯಲ್ಲಿ ಭುಜ ತೂರಿಸಿ ಹತ್ತುವುದೇ ಒಂದು ಪಂದ್ಯ. ದಣಿದ ಮೈಯಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗುವ ಮಗುವನ್ನು ನೆನೆದರೆ ಕೋಚ್‌ಗೆ ನಿದ್ದೆ ಬರಬಾರದು. ನಾನು ಸಂಜೆಯ ಅಭ್ಯಾಸವನ್ನು ಬೆಳಗಿನ ಐದೂವರೆಗೆ ತಂದೆ. ಹುಡುಗರ ಸಂಖ್ಯೆ ಕಡಿಮೆಯಾಯಿತು, ಬಂದವರು ನಿಂತರು.

ಹೋಟೆಲಿನಲ್ಲಿ ದುಡಿಯುವ ಹುಡುಗರದ್ದು ಬೇರೆ ಲೆಕ್ಕ. ಕಾರ್ಕಳ, ಹೆಬ್ರಿ, ಕುಂದಾಪುರ ಕಡೆಯಿಂದ ಬಂದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದ್ದು. ಊರಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ ಆಡಿ ಬೆಳೆದ ಕಾಲುಗಳು ಅವು. ಒಬ್ಬ ಹೋಟೆಲ್ ಮಾಲೀಕರ ಬಳಿ ಹುಡುಗನನ್ನು ಬಿಡಿ ಎಂದು ಕೇಳಲು ಹೋದಾಗ, "ಮಾಸ್ಟ್ರೇ, ಸಂಜೆ ರಶ್ಶಿನ ಹೊತ್ತಿಗೆ ಮಾತ್ರ ಕೇಳ್ಬೇಡಿ. ಮಧ್ಯಾಹ್ನ ಮೂರರಿಂದ ಐದು, ಎಷ್ಟು ದಿನ ಬೇಕಾದ್ರೂ ಕರ್ಕೊಂಡು ಹೋಗಿ" ಎಂದರು. ಆ ಮೂರರಿಂದ ಐದರ ಬಿಸಿಲಿನಲ್ಲಿ ಕಲಿತ ಹುಡುಗ ಮುಂದೆ ಜಿಲ್ಲಾ ತಂಡದಲ್ಲಿ ಬಲ ಕಾರ್ನರ್ ಆದ. ಆ ಮಾಲೀಕರ ಹೆಸರು ಯಾವ ಪ್ರಶಸ್ತಿ ಪತ್ರದಲ್ಲೂ ಇಲ್ಲ.

8. ಹುಡುಗಿಯರ ತಂಡ

ಹೆಂಗಸರ ಅಂಕಣ ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಜಾಗ ಕಡಿಮೆಯಾದ್ದರಿಂದ ಅಲ್ಲಿ ಹೆಜ್ಜೆಯ ನಿಖರತೆ ಇನ್ನೂ ಹೆಚ್ಚು ಬೇಕು. ಕಲಿಸಿದ ಅನುಭವದಿಂದ ಹೇಳುವುದಾದರೆ, ಕಾಯುವ ಪಾಠವನ್ನು ಹುಡುಗಿಯರು ಹುಡುಗರಿಗಿಂತ ಬೇಗ ಕಲಿಯುತ್ತಾರೆ. ಕಷ್ಟ ಇರುವುದು ಅಂಕಣದ ಹೊರಗೆ. ಬಟ್ಟೆ ಬದಲಿಸಲು ಕೋಣೆ ಇಲ್ಲದ ಮೈದಾನ, ರಾತ್ರಿ ಹತ್ತಕ್ಕೆ ಮುಗಿಯುವ ಪಂದ್ಯಾಟ, ಇಂಥವೇ ಅವರನ್ನು ಆಟದಿಂದ ಬಿಡಿಸುವುದು. ಕೊನೆಯ ಹುಡುಗಿ ಮನೆ ಸೇರಿ ಫೋನ್ ಮಾಡುವವರೆಗೆ ಕೋಚ್‌ನ ಕೆಲಸ ಮುಗಿದಿಲ್ಲ.

ಮನೆಯವರು ಹಿಂದೇಟು ಹಾಕಿದಾಗ ನಾನು ಎರಡು ಹೆಸರು ಹೇಳುತ್ತೇನೆ. ಕಾರ್ಕಳ ತಾಲೂಕಿನ ಹಳ್ಳಿಯಿಂದ ಹೊರಟ ಮಮತಾ ಪೂಜಾರಿ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಸಲ ಚಿನ್ನ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ ಹಿಡಿದರು. ಬೆಂಗಳೂರಿನ ತೇಜಸ್ವಿನಿ ಬಾಯಿ ಆಟಗಾರ್ತಿಯಾಗಿ ಗೆದ್ದದ್ದಲ್ಲದೆ, 2023ರಲ್ಲಿ ಹ್ಯಾಂಗ್‌ಝೌನಲ್ಲಿ ಚಿನ್ನ ಗೆದ್ದ ಭಾರತ ಮಹಿಳಾ ತಂಡಕ್ಕೆ ಕೋಚ್ ಆಗಿದ್ದರು. ಹೆಣ್ಣುಮಗಳೊಬ್ಬಳು ಆಡಿ, ಕಲಿಸಿ, ಇದೇ ಆಟದಲ್ಲಿ ಬದುಕು ಕಟ್ಟಿಕೊಳ್ಳಬಹುದು ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ.

9. ಹೊಟ್ಟೆಯ ಪ್ರಶ್ನೆ

ನವಿಮುಂಬಯಿಯ ಕಲ್ಲುಕ್ವಾರಿಗಳ ಕೆಲಸಕ್ಕೆಂದು ಬಂದು ನೆಲೆಸಿದ ವಿಜಯಪುರ ಕಡೆಯ ತಾಯಿಯೊಬ್ಬರು ಕೇಳಿದರು: "ಸರ, ಕಬಡ್ಡಿ ಆಡಿದ್ರ ಹೊಟ್ಟಿಗಿ ಏನ್ ಸಿಗತೈತ್ರಿ?" ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬಾರದು.

ಮುಂಬಯಿ ಸೀಮೆಯಲ್ಲಿ ಕಬಡ್ಡಿಗೆ ಅನ್ನದ ದಾರಿ ಬಹಳ ಕಾಲದಿಂದ ಇದೆ. ರೈಲ್ವೆ, ಪೊಲೀಸ್, ಬ್ಯಾಂಕು, ತೈಲ ಕಂಪನಿ, ಬಂದರು, ಕಾರ್ಖಾನೆ ಎಲ್ಲಕ್ಕೂ ತಂಡಗಳಿದ್ದವು. ಕೆಲವು ಈಗಲೂ ಇವೆ. ಮುಂಬಯಿಯಲ್ಲೇ ಬೆಳೆದ ನಮ್ಮ ರಿಶಾಂಕ್ ದೇವಾಡಿಗ ದೇನಾ ಬ್ಯಾಂಕಿಗೆ ಆಡಿದರು, ಭಾರತ್ ಪೆಟ್ರೋಲಿಯಂಗೆ ಆಡಿದರು. 2018ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅವರ ನಾಯಕತ್ವದ ಮಹಾರಾಷ್ಟ್ರ ತಂಡ ಸರ್ವಿಸಸನ್ನು ಸೋಲಿಸಿ, ಹನ್ನೊಂದು ವರ್ಷಗಳ ಮೇಲೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಜಕಾರ್ತಾದ ಏಷ್ಯನ್ ಗೇಮ್ಸ್‌ಗೆ ಹೋದ ಭಾರತ ತಂಡದಲ್ಲಿ ರಿಶಾಂಕ್ ಜೊತೆ ನಮ್ಮ ಥಾಣೆ ಜಿಲ್ಲೆಯ ಎಡ ಕಾರ್ನರ್ ಗಿರೀಶ್ ಮಾರುತಿ ಎರ್ನಾಕ್ ಇದ್ದರು. ಸೆಮಿಫೈನಲ್‌ನಲ್ಲಿ ಇರಾನಿಗೆ ಸೋತ ಆ ನೋವು ಬೇರೆ ಮಾತು. ಆದರೆ ಈ ಭಾಗದ ಮೈದಾನಗಳಲ್ಲಿ ಎಡಮೂಲೆಗೆ ನಿಲ್ಲುವ ಪ್ರತಿ ಹುಡುಗನಿಗೂ ಎರ್ನಾಕ್ ಎಂಬ ಹೆಸರು ಒಂದು ಆಧಾರ.

ಹರಾಜಿನ ಸುದ್ದಿ ಮಾತ್ರ ಮನೆಯವರ ತಲೆ ಕೆಡಿಸುತ್ತದೆ. 2023ರಲ್ಲಿ ಪುಣೇರಿ ಪಲ್ಟನ್ ಇರಾನಿನ ಎಡ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು, ಸರಿ. ಅದೇ ಹರಾಜಿನಲ್ಲಿ ಕೊನೆಯ ದರ್ಜೆಯ ಮೂಲಬೆಲೆ 9 ಲಕ್ಷ, ಅದೂ ಒಂದು ಋತುವಿಗೆ, ಅದೂ ಸಿಕ್ಕರೆ. ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಹುಡುಗ ಹನ್ನೆರಡನೆಯದು ಪಾಸಾಗಲಿ, ಪದವಿ ಬಿಡದಿರಲಿ, ಕ್ರೀಡಾ ಕೋಟಾದ ಅರ್ಜಿಗೆ ರಾಜ್ಯಮಟ್ಟದ, ವಿಶ್ವವಿದ್ಯಾಲಯ ಮಟ್ಟದ ಸರ್ಟಿಫಿಕೇಟೇ ಬಂಡವಾಳ, ಅವನ್ನು ಲ್ಯಾಮಿನೇಟ್ ಮಾಡಿಸದೆ ಒಂದು ಫೈಲಿನಲ್ಲಿ ಜೋಪಾನ ಮಾಡಿ, ಇಪ್ಪತ್ತಮೂರಕ್ಕೆ ಆಟ ಎಲ್ಲಿಗೂ ಒಯ್ಯದಿದ್ದರೂ ಪೊಲೀಸ್ ಭರ್ತಿಯ ಓಟಕ್ಕೆ ಅವನ ಕಾಲು ತಯಾರಿರುತ್ತದೆ. ಆ ತಾಯಿ ಮಗನನ್ನು ಕಳುಹಿಸಿದರು.

10. ಹುಡುಕುವವನ ಕಣ್ಣು

ಪ್ರೊ ಕಬಡ್ಡಿ 2014ರ ಜುಲೈ 26ರಂದು ಮುಂಬಯಿಯಲ್ಲಿ ಶುರುವಾದ ಮೇಲೆ ಪ್ರತಿಭೆ ಹುಡುಕುವುದೂ ಒಂದು ಕಸುಬಾಯಿತು. ತಂಡಗಳು ಹದಿನೆಂಟು, ಇಪ್ಪತ್ತರ ಹುಡುಗರನ್ನು ಹೊಸ ಯುವ ಆಟಗಾರರ ಯೋಜನೆಯಲ್ಲಿ ನೇರವಾಗಿ ಸೇರಿಸಿಕೊಂಡು ಬೆಳೆಸತೊಡಗಿದವು. ಕರ್ನಾಟಕದ ಬಿ.ಸಿ. ರಮೇಶ್ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸನ್ನೂ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನನ್ನೂ ಗೆಲ್ಲಿಸಿದರು; ಆ ಪುಣೆಯ ತಂಡದಲ್ಲಿ ಎಷ್ಟು ಎಳೆಯ ಮುಖಗಳಿದ್ದವು ಎಂದು ನೋಡಿದರೆ, ಹುಡುಕುವವರ ಕೆಲಸದ ತೂಕ ತಿಳಿಯುತ್ತದೆ.

ಮೊಬೈಲಿಗೆ ಬರುವ ವಿಡಿಯೋಗಳಿಂದ ಕಾರ್ನರ್‌ನನ್ನು ಆರಿಸಲಾಗದು. ಅದರಲ್ಲಿ ಬರೀ ಹಿಡಿತಗಳನ್ನೇ ಜೋಡಿಸಿರುತ್ತಾರೆ, ಹತ್ತು ರೈಡ್ ಕಾದು ಹನ್ನೊಂದನೆಯದಕ್ಕೆ ಹೋದದ್ದು ಅಲ್ಲಿ ಕಾಣುವುದಿಲ್ಲ. ಮೈದಾನಕ್ಕೇ ಹೋಗಬೇಕು. ಹೋದರೆ ನಾನು ಕೂರುವುದು ಪಂಚರ (ಅಂಪೈರ್‌ಗಳ) ಬದಿಯಲ್ಲಲ್ಲ, ಕೊನೆಯ ಗೆರೆಯ ಹಿಂದೆ, ಕಾರ್ನರ್‌ನ ಬೆನ್ನು ಕಾಣುವ ಕಡೆ. ಅಲ್ಲಿಂದ ಮೊದಲು ನೋಡುವುದು ರೈಡರ್ ಎದುರು ಬದಿಗೆ ಹೋದಾಗ ಈ ಹುಡುಗನ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೋ ಎಂದು. ತಾಗಿದರೆ ಅವನು ವಿಶ್ರಾಂತಿಗೆ ಇಳಿದಿದ್ದಾನೆ. ಆಮೇಲೆ, ಅವನ ಹಿಡಿತ ತಪ್ಪಿ ಔಟಾಗಿ ಹೊರಗೆ ಕೂತಾಗ ಏನು ಮಾಡುತ್ತಾನೆ? ತಲೆ ತಗ್ಗಿಸುತ್ತಾನೋ, ಒಳಗಿರುವವರಿಗೆ ರೈಡರ್‌ನ ಚಲನೆ ಕೂಗಿ ಹೇಳುತ್ತಾನೋ? ಪುನಃ ಒಳಗೆ ಬಂದ ಮೇಲಿನ ಮೊದಲ ರೈಡ್ ಎಲ್ಲಕ್ಕಿಂತ ಮುಖ್ಯ. ಸೇಡಿಗೆ ಬಿದ್ದವನು ಆ ರೈಡ್‌ನಲ್ಲೇ ಮತ್ತೆ ಹಾರುತ್ತಾನೆ. ತಾಳಿಕೊಂಡು ನಿಂತವನ ಹೆಸರನ್ನು ಬರೆದುಕೊಳ್ಳುತ್ತೇನೆ.

ಎಲ್ಲಿ ಹುಡುಕಬೇಕು? ಘಣಸೋಲಿ, ಕೋಪರ್‌ಖೈರಣೆ, ದಿವಾ ಕಡೆಯ ಆಗ್ರಿ, ಕೋಳಿ ಜನರ ಹಳೆಯ ಹಳ್ಳಿಗಳಲ್ಲಿ. ನವಿಮುಂಬಯಿ ಕಟ್ಟಿದ ಸಿಡ್ಕೋ ಸಂಸ್ಥೆಯ ಎತ್ತರದ ಕಟ್ಟಡಗಳ ನಡುವೆ ಆ ಹಳ್ಳಿಗಳು ಇನ್ನೂ ತಮ್ಮ ಗ್ರಾಮದೇವಿಯ ಅಂಗಳವನ್ನೂ ಕಬಡ್ಡಿ ಸಂಘವನ್ನೂ ಉಳಿಸಿಕೊಂಡಿವೆ. ಅಜ್ಜ ಆಡಿದ ಮೂಲೆಯಲ್ಲಿ ಮೊಮ್ಮಗ ನಿಂತಿರುತ್ತಾನೆ. ಭೂಮಿ ಹೋದರೂ ಆಟ ಬಿಡದ ಜನ ಅವರು, ನನಗೆ ಅವರ ಮೇಲೆ ಅಪಾರ ಗೌರವ. ಥಾಣೆ ಜಿಲ್ಲೆ ಒಡೆದು 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆಯಾದ ಮೇಲೆ ಅತ್ತ ಕಡೆಯ ಊರುಗಳಿಗೂ ನೋಟ ಬೇರೆಯಾಗಿಯೇ ಹರಿಸಬೇಕಾಗಿದೆ.

ಕಾಗದಪತ್ರ ನೋಡುವುದನ್ನು ಕಡೆಗಣಿಸಬೇಡಿ. ಶಾಲೆ ಬಿಟ್ಟ ಪ್ರಮಾಣಪತ್ರ, ಜನನ ದಾಖಲೆ, ಆಧಾರ್ ಮೂರರಲ್ಲೂ ಒಂದೇ ತಾರೀಖು ಇರಬೇಕು. ವಯಸ್ಸು ಕಡಿಮೆ ತೋರಿಸಿ ಬಂದ ಒಬ್ಬನಿಗೆ ಜಾಗ ಕೊಟ್ಟರೆ, ನಿಜವಾದ ವಯಸ್ಸಿನ ಇನ್ನೊಬ್ಬ ಮಗುವಿನ ಜಾಗ ಹೋಗುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ.

11. ಇಲ್ಲ ಎನ್ನುವುದು

ನೋಡಿದವರಲ್ಲಿ ಬಹುಪಾಲು ಹುಡುಗರಿಗೆ ಇಲ್ಲ ಎನ್ನಬೇಕಾಗುತ್ತದೆ. ಫೋನಿನಲ್ಲಿ ಹೇಳಬಾರದು, ಬೇರೆಯವರ ಬಾಯಿಂದ ಹೇಳಿಸಬಾರದು. ಎದುರು ಕೂರಿಸಿ, ನೋಟ್‌ಬುಕ್ ತೆರೆದು, ಯಾವ ಕಾಲಮ್‌ನಲ್ಲಿ ಏನಿದೆ ಎಂದು ತೋರಿಸಿ ಹೇಳಬೇಕು. ಆಟಗಾರನಾಗಿ ದಾರಿ ಮುಗಿದವನಿಗೆ ಆಟದಲ್ಲೇ ಬೇರೆ ದಾರಿಗಳಿವೆ: ಪಂಚರ ಪರೀಕ್ಷೆ ಬರೆಯಬಹುದು, ಎನ್‌ಐಎಸ್ ಡಿಪ್ಲೊಮಾ ಮಾಡಿ ಕೋಚ್ ಆಗಬಹುದು, ಶಾಲೆಗಳಲ್ಲಿ ಕ್ರೀಡಾ ಶಿಕ್ಷಕನಾಗಬಹುದು. ಮೂಲೆಯಲ್ಲಿ ನಿಂತು ಏಳು ಜನರನ್ನೂ ನೋಡಿ ಅಭ್ಯಾಸವಾದವನು ಒಳ್ಳೆಯ ಪಂಚನಾಗುತ್ತಾನೆ. ನನ್ನ ಇಬ್ಬರು ಹುಡುಗರು ಹಾಗೆ ಸೀಟಿ ಹಿಡಿದಿದ್ದಾರೆ.

12. ಸಂಘಗಳಿಗೆ ಒಂದು ಕೇಳಿಕೆ

ಡೊಂಬಿವಲಿಯಿಂದ ನೆರೂಲ್‌ವರೆಗೆ ನಮ್ಮ ಕರ್ನಾಟಕ ಸಂಘಗಳೂ ಸಮುದಾಯದ ಸಂಘಗಳೂ ವಾರ್ಷಿಕ ಕ್ರೀಡಾಕೂಟ ನಡೆಸುತ್ತವೆ. ಒಂದು ಭಾನುವಾರ, ದೊಡ್ಡ ಪೆಂಡಾಲು, ಎತ್ತರದ ಟ್ರೋಫಿ, ಊರಿನಿಂದ ಕರೆಸಿದ ಹೆಸರಾಂತ ಆಟಗಾರರು. ಆ ಖರ್ಚಿನ ಒಂದು ಭಾಗದಲ್ಲಿ ಹದಿನಾರರ ಒಳಗಿನ ಇಲ್ಲಿನ ಮಕ್ಕಳಿಗೆ ಮೇ ತಿಂಗಳ ರಜೆಯಲ್ಲಿ ಮ್ಯಾಟ್ ಬಾಡಿಗೆಗೆ ಹಿಡಿದು ಶಿಬಿರ ಮಾಡಬಹುದು. ಬೆಳಗ್ಗೆ ಬಾಳೆಹಣ್ಣು, ಮೊಟ್ಟೆ, ಒಬ್ಬ ಫಿಸಿಯೋ. ಕೋಚ್‌ಗಳನ್ನು ನಾನು ಕರೆತರುತ್ತೇನೆ. ಕ್ರೀಡಾಕೂಟದಲ್ಲಿ ಉತ್ತಮ ರೈಡ್‌ಗೆ, ಉತ್ತಮ ಹಿಡಿತಕ್ಕೆ ಬಹುಮಾನ ಇಟ್ಟೇ ಇಡುತ್ತೀರಿ. ಅದರ ಜೊತೆ ಇನ್ನೊಂದನ್ನು ಸೇರಿಸಿ: ಪಂದ್ಯಾಟದುದ್ದಕ್ಕೂ ಅತಿ ಹೆಚ್ಚು ಬೋನಸ್ ತಪ್ಪಿಸಿದ ಕಾರ್ನರ್‌ಗೆ. ಎಣಿಸಿ ಕೊಡಲು ನೋಟ್‌ಬುಕ್ ಹಿಡಿದು ನಾನೇ ಬಂದು ಕೂರುತ್ತೇನೆ.